ಆಟೋ ಸೈಫನ್: ವರ್ಷಗಟ್ಟಲೆ ಬಳಸಿದವರ ಮಾತು

ಮನೆಯಲ್ಲಿ ಬಿಯರ್ ಮಾಡುವಾಗ ಕುದಿಸುವ ತನಕ ಚಿಂತೆಯಿಲ್ಲ. ಒಂದು ಗಂಟೆ ಕುದ್ದ ಮೊಳಕೆ ಬಾರ್ಲಿಯ ಸಿಹಿ ರಸದಲ್ಲಿ, ಅಂದರೆ ವರ್ಟ್‌ನಲ್ಲಿ ಬಿಯರ್ ಕೆಡಿಸುವಂಥದ್ದು ಉಳಿಯುವುದಿಲ್ಲ. ಭಯ ಶುರುವಾಗುವುದು ತಣ್ಣಗಾದ ಮೇಲೆ. ಅದರಲ್ಲೂ ಒಂದು ಹುದುಗು ಪಾತ್ರೆಯಿಂದ, ಅಂದರೆ ಫರ್ಮೆಂಟರ್‌ನಿಂದ ಇನ್ನೊಂದಕ್ಕೆ ದಾಟಿಸುವಾಗ. ಆ ಕೆಲಸಕ್ಕೆ ಮೈಸೂರಿನ ನಮ್ಮ ಮನೆಯಲ್ಲಿ ಕೆಲವು ವರ್ಷಗಳಿಂದ ಇರುವುದು ಮಾಮೂಲಿ 3/8 ಇಂಚಿನ ಆಟೋ ಸೈಫನ್, ಅಂದರೆ ಮೇಲಿನ ಪಾತ್ರೆಯಿಂದ ಕೆಳಗಿನದಕ್ಕೆ ಬಿಯರ್ ಇಳಿಸುವ ಕೈಪಂಪು. ಧೈರ್ಯವಾಗಿ ತಗೊಳ್ಳಿ. ಆದರೆ ಜೊತೆಗೆ ಬರುವ ಟ್ಯೂಬನ್ನು ಮಾತ್ರ ನಂಬಬೇಡಿ.

ಕೊಳವೆಯೊಳಗೆ ಇನ್ನೊಂದು ಕೊಳವೆ, ಅಷ್ಟೇ. ಒಳಗಿನದರ ತುದಿಗೆ ರಬ್ಬರ್ ಸೀಲ್, ಹೊರಗಿನದರ ತಳದಲ್ಲಿ ವಾಲ್ವ್. ಒಂದೆರಡು ಸಲ ಎಳೆದು ಒತ್ತಿದರೆ ಬಿಯರ್ ತಾನಾಗಿ ಇಳಿಯುತ್ತದೆ. ಬೈಕಿನಿಂದ ಪೆಟ್ರೋಲ್ ತೆಗೆಯುವ ಹಾಗೆ ಬಾಯಲ್ಲಿ ಎಳೆಯಬೇಕಿಲ್ಲ. ನಮ್ಮ ಬಾಯಲ್ಲೇ ಹುಳಿ ಮಾಡುವ ಬ್ಯಾಕ್ಟೀರಿಯಾ ಇರುತ್ತವೆ. ಈ ಒಂದು ಕಾರಣಕ್ಕೇ ಕೊಟ್ಟ ದುಡ್ಡು ಸಾರ್ಥಕ.

ಇನ್ನು ನಮ್ಮ ಅಡುಗೆಮನೆಯ ವಿಷಯ. ಹೊರದೇಶದವರು ಬರೆದ ಸಲಹೆಗಳಲ್ಲಿ ಇದು ಸಿಗುವುದಿಲ್ಲ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಿಗ್ಗೆ ಉಕ್ಕಿ ಪಾತ್ರೆಯಿಂದ ಇಳಿದಿರುತ್ತದೆ ಅಲ್ವಾ? ಅದನ್ನು ಉಕ್ಕಿಸುವುದು ಲ್ಯೂಕೋನಾಸ್ಟಾಕ್, ಲ್ಯಾಕ್ಟೋಬ್ಯಾಸಿಲಸ್ ತರಹದ ಬ್ಯಾಕ್ಟೀರಿಯಾ. ಮೊಸರಿನಲ್ಲೂ ಅದೇ ಬಳಗ. ದೋಸೆಗೆ ಅವು ಬೇಕೇ ಬೇಕು, ಬಿಯರ್‌ಗೆ ಬೇಡವೇ ಬೇಡ. ಬಿಯರ್‌ಗೆ ಕಹಿ ಕೊಡುವ ಹಾಪ್ಸ್ ಹೂವು ಇವುಗಳನ್ನು ಒಂದು ಮಟ್ಟಿಗೆ ತಡೆಯುತ್ತದೆ, ಪೂರ್ತಿ ಅಲ್ಲ. ಹಾಗಾಗಿ ಹಿಟ್ಟು ರುಬ್ಬಿದ ಕಟ್ಟೆಯ ಮೇಲೆ ಸೈಫನ್ ಇಡುವುದಿಲ್ಲ. ಬೇರೆ ಕೋಣೆ, ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ. ಫ್ಯಾನ್ ಗಾಳಿಗೆ ಏಳುವ ಧೂಳು ನೇರವಾಗಿ ಫರ್ಮೆಂಟರ್ ಬಾಯಿಗೇ ಬೀಳುತ್ತದೆ. ಮಾವಿನ ಕಾಲದಲ್ಲಿ ಇನ್ನೂ ಹುಷಾರು. ಹಣ್ಣಿನ ಸುತ್ತ ಹಾರುವ ಸಣ್ಣ ನೊಣ ವಿನೆಗರ್ ಮಾಡುವ ಅಸಿಟೋಬ್ಯಾಕ್ಟರ್ ಹೊತ್ತು ತರುತ್ತದೆ. ಫರ್ಮೆಂಟರ್ ಬಾಯಿಗೆ ಸ್ಯಾನಿಟೈಸರ್ ಚಿಮುಕಿಸಿದ ಫಾಯಿಲ್ ಸುತ್ತಿ, ಅದರ ಒಂದು ಮೂಲೆಯಿಂದ ಸೈಫನ್ ಇಳಿಸಿ.

ಸ್ಯಾನಿಟೈಸರ್ ಅಂದರೆ ನನಗೆ ಸ್ಟಾರ್ ಸ್ಯಾನ್, ಬಿಯರ್ ಮಾಡುವ ಸಾಮಾನಿನ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಆಮ್ಲದ ದ್ರಾವಣ. ಲೀಟರ್ ನೀರಿಗೆ ಸುಮಾರು 1.6 ಎಂಎಲ್ ಸಾಕು, ಒಂದೆರಡು ನಿಮಿಷ ತಾಗಿದರೆ ಆಯಿತು, ತೊಳೆಯುವುದು ಬೇಡ. ನೊರೆ ಉಳಿದರೂ ಪರವಾಗಿಲ್ಲ. ಇಲ್ಲಿ ಪೆಟ್ಟು ಕೊಡುವುದು ನೀರು. ಗಡಸು ಬೋರ್‌ವೆಲ್ ನೀರಿಗೆ ಹಾಕಿದರೆ ಕಲಸುತ್ತಿದ್ದ ಹಾಗೇ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಪಿಎಚ್ 3ಕ್ಕಿಂತ ಕೆಳಗಿದ್ದರೇ ಅದು ಕೆಲಸ ಮಾಡುವುದು. ಗಡಸು ನೀರು ಪಿಎಚ್ ಮೇಲೇರಿಸುತ್ತದೆ. ಆರ್‌ಒ ನೀರಿನಲ್ಲಿ ಕಲಸಿ, ಪಿಎಚ್ ಪಟ್ಟಿಯಲ್ಲಿ ನೋಡಿಕೊಳ್ಳಿ. ಮುಚ್ಚಿಟ್ಟರೆ ವಾರಗಟ್ಟಲೆ ಬರುತ್ತದೆ. ಆದರೆ ಕೊಳೆ ಇದ್ದ ಕಡೆ ಯಾವ ಸ್ಯಾನಿಟೈಸರ್ ಕೂಡ ನಾಟುವುದಿಲ್ಲ, ಮೊದಲು ಚೆನ್ನಾಗಿ ತೊಳೆದಿರಬೇಕು.

ಟ್ಯೂಬಿಗೆ ಬರೋಣ. ಜೊತೆಗೆ ಬಂದ ಪಿವಿಸಿ ಟ್ಯೂಬ್ ಕೆಲವೇ ತಿಂಗಳಲ್ಲಿ ಮಬ್ಬಾಯಿತು. ಕುದಿಸುವ ಹಾಗಿಲ್ಲ, ಒಳಗೆ ಏನು ಅಂಟಿದೆಯೋ ಕಾಣುವುದೂ ಇಲ್ಲ. ಈಗ ಸಿಲಿಕಾನ್ ಟ್ಯೂಬ್ ಹಾಕಿದ್ದೇನೆ, ಪ್ರತಿ ಸಲ ಕುದಿಸುತ್ತೇನೆ. ಸೈಫನ್ನಿನ ಕೊಳವೆಗೆ ಮಾತ್ರ ಕುದಿಯುವ ನೀರು ತಾಗಿಸಬೇಡಿ, ಸೊಟ್ಟಗಾಗುತ್ತದೆ. ಒರಟು ಬ್ರಶ್ ಕೂಡ ಬೇಡ. ಪ್ಲಾಸ್ಟಿಕ್ ಮೇಲಿನ ಗೀರುಗಳಲ್ಲೇ ಬ್ಯಾಕ್ಟೀರಿಯಾ ಮನೆ ಮಾಡುವುದು.

ನನ್ನ ದೊಡ್ಡ ದೂರು ಸೀಲ್ ಬಗ್ಗೆ. ಸವೆದಂತೆಲ್ಲ ಗಾಳಿ ಎಳೆಯುತ್ತದೆ. ಟ್ಯೂಬ್ ಸೇರುವ ಜಾಗದಲ್ಲೂ ಗಾಳಿ ನುಗ್ಗಬಹುದು, ಅಲ್ಲಿ ಸಣ್ಣ ಗುಳ್ಳೆಗಳ ಸಾಲು ಕಂಡರೆ ಅಲ್ಲೇ ನಿಲ್ಲಿಸಿ, ಕ್ಲಾಂಪ್ ಬಿಗಿ ಮಾಡಿ. ಹುದುಗು ಮುಗಿದ ಬಿಯರ್‌ಗೆ ಆಮ್ಲಜನಕ ಸೇರಿದರೆ ನೆನೆದ ರಟ್ಟಿನ ರುಚಿ ಬರುತ್ತದೆ. ಇದಕ್ಕೆ ಬ್ಯಾಕ್ಟೀರಿಯಾ ಬೇಕಿಲ್ಲ, ಗಾಳಿ ಸಾಕು. ಟ್ಯೂಬಿನ ತುದಿ ಕೆಳಗಿನ ಪಾತ್ರೆಯ ತಳ ಮುಟ್ಟಿರಲಿ, ಚಿಮ್ಮಬಾರದು. ಸೈಫನ್ನಿನ ತಳದ ಟೊಪ್ಪಿ ಕಳೆದುಕೊಳ್ಳಬೇಡಿ, ಈಸ್ಟ್ ಕೆಸರನ್ನು ತಡೆಯುವುದು ಅದೇ.

ಎಲ್ಲ ಬಿಯರ್ ದಾಟಿಸಲೇಬೇಕಾ? ಬೇಡ. ಏಲ್ ಎಂಬ ಮಾಮೂಲಿ ಬಗೆಯ ಬಿಯರ್ ಆದರೆ ಮೊದಲ ಫರ್ಮೆಂಟರ್‌ನಲ್ಲೇ ಬಿಟ್ಟು ನೇರ ಬಾಟಲಿ ತುಂಬಿ. ನಾನು ದಾಟಿಸುವುದು ಹಣ್ಣು ಹಾಕುವಾಗ, ಅಥವಾ ಮಂಡ್ಯದ ಬೆಲ್ಲ ಹಾಕಿದ ಕಪ್ಪು ಬಿಯರ್ ತಿಂಗಳುಗಟ್ಟಲೆ ಇಡುವಾಗ. ಬೆಲ್ಲವನ್ನು ಪುಡಿ ಮಾಡಿ ಸುಮ್ನೆ ಸುರಿಯಬೇಡಿ, ನೀರಲ್ಲಿ ಕುದಿಸಿ ಸೋಸಿ, ಆರಿಸಿ ಹಾಕಿ.

20 ಲೀಟರ್ ಫರ್ಮೆಂಟರ್ ಇದ್ದವರಿಗೆ ಈ ಸೈಜ್ ಸರಿ. 5 ಲೀಟರ್ ಜಾರ್‌ನಲ್ಲಿ ಮಾಡುವವರು ಮಿನಿ ಸೈಫನ್ ತಗೊಳ್ಳಿ. ದೊಡ್ಡದು ಅಷ್ಟು ಗಿಡ್ಡ ಜಾರ್‌ನಲ್ಲಿ ನೆಟ್ಟಗೆ ನಿಲ್ಲುವುದಿಲ್ಲ.