ವೆಬ್‌ನೋಮಾ, ಓಪನ್‌ಡ್ರಿಫ್ಟಾ?

ಸಮುದ್ರಕ್ಕೆ ಚೆಲ್ಲಿದ ಎಣ್ಣೆ ಎತ್ಲಾಗೆ ಹೋಗುತ್ತೆ ಅಂತ ಕಂಪ್ಯೂಟರಲ್ಲಿ ನೋಡೋಕೆ ಯಾವ್ದು ಹಿಡೀಲಿ ಅಂತ ಕೇಳೋರಿಗೆ, ಪುಕ್ಸಟ್ಟೆ ಸಿಗೋದ್ರಲ್ಲಿ ನಾನು ಹೇಳೋದು ಎರಡೇ: ಅಮೆರಿಕದ ಸಮುದ್ರ, ಹವಾಮಾನ ಸಂಸ್ಥೆ ನೋವಾದವರ ವೆಬ್‌ನೋಮ್, ನಾರ್ವೆ ಹವಾಮಾನ ಸಂಸ್ಥೆಯವರ ಓಪನ್‌ಡ್ರಿಫ್ಟ್, ಎಣ್ಣೆಗೆ ಅದರೊಳಗಿನ ಓಪನ್‌ಆಯಿಲ್.

ಕೋಡಿಂಗ್ ಬರಲ್ವಾ, ಯೋಚ್ನೆನೇ ಬೇಡ, ವೆಬ್‌ನೋಮ್. ಬ್ರೌಸರಲ್ಲೇ ಓಡುತ್ತೆ, ಎಣ್ಣೆ ಯಾವ್ದು, ಎಷ್ಟು, ಗಾಳಿ ಹೆಂಗಿದೆ ಅಂತ ತುಂಬ್ತಾ ಹೋದ್ರೆ ಸಾಕು. ನಂಗೆ ಹಿಡಿಸಿದ್ದು ಅದರ ಚುಕ್ಕಿಗಳು, ಕಪ್ಪು ಅಂದ್ರೆ ಎಣ್ಣೆ ಬಹುಶಃ ಇಲ್ಲಿರುತ್ತೆ ಅನ್ನೋ ಅಂದಾಜು, ಕೆಂಪು ಅಂದ್ರೆ ಗಾಳಿ, ಪ್ರವಾಹದ ಲೆಕ್ಕ ತಪ್ಪಿದ್ರೆ ಎಲ್ಲೆಲ್ಲಿಗೆ ಹೋಗ್ಬಹುದು ಅಂತ, ದಡ ಕಾಯೋರಿಗೆ ಈ ಕೆಂಪೇ ಮುಖ್ಯ. ಒಂದೊಂದು ಜಾಗದ ಪ್ರವಾಹದ ಮಾಹಿತಿ ಇರೋ ರೆಡಿಮೇಡ್ ಲೊಕೇಶನ್ ಫೈಲ್‌ಗಳು ಮಾತ್ರ ಹೆಚ್ಚಾಗಿ ಅಮೆರಿಕದ್ದೇ, ಮಂಗಳೂರು ಕಡೆಗೆ ಪ್ರವಾಹದ ಡೇಟಾ ನೀವೇ ಹೊಂದಿಸ್ಕೋಬೇಕು. ಅಂದಹಾಗೆ ಹೈದರಾಬಾದಿನ ಸಮುದ್ರ ಮಾಹಿತಿ ಕೇಂದ್ರ ಇನ್‌ಕಾಯ್ಸ್‌ನವರು ನಮ್ ಸಮುದ್ರಕ್ಕೆ ಮಾಡಿರೋ ಎಣ್ಣೆ ಸೋರಿಕೆ ಸಲಹೆ ವ್ಯವಸ್ಥೆ ಹಿಂದೆನೂ ವೆಬ್‌ನೋಮ್ ಒಳಗಿರೋ ನೋಮ್ ಅನ್ನೋ ಮಾಡೆಲ್ಲೇ ಇರೋದು.

ಓಪನ್‌ಡ್ರಿಫ್ಟ್‌ಗೆ ಪೈಥಾನ್ ಅನ್ನೋ ಕೋಡಿಂಗ್ ಭಾಷೆ ಬೇಕೇ ಬೇಕು. ಆದ್ರೆ ಅಲೆ ಜೋರಿದ್ದಾಗ ಎಣ್ಣೆ ಹನಿಹನಿಯಾಗಿ ಒಡೆದು ನೀರೊಳಗೆ ಇಳಿಯೋದು, ದೊಡ್ಡ ಹನಿ ಬೇಗ ಮೇಲೆ ಬರೋದು, ಸಣ್ಣದು ಅಲ್ಲೇ ಉಳಿಯೋದು, ಇದನ್ನೆಲ್ಲ ಲೆಕ್ಕಕ್ಕೆ ತಗೊಳುತ್ತೆ. ಮೇಲಿರೋ ಎಣ್ಣೆನ ಗಾಳಿ ತನ್ನ ವೇಗದ ಸುಮಾರು 3% ವೇಗದಲ್ಲಿ ತಳ್ಳುತ್ತೆ, ಒಳಗಿಳಿದದ್ದನ್ನ ಹಂಗೆ ತಳ್ಳಕ್ಕಾಗಲ್ಲ, ಹಂಗಾಗಿ ಮಳೆಗಾಲದ ಅರಬ್ಬೀ ಸಮುದ್ರಕ್ಕೆ ನನ್ನ ವೋಟು ಇದಕ್ಕೇ. ಟೈಮ್ ಹಿಂದಕ್ಕೂ ಓಡಿಸ್ಬಹುದು, ದಡಕ್ಕೆ ಬಂದ ಟಾರ್ ಉಂಡೆ (ಗಟ್ಟಿಯಾದ ಎಣ್ಣೆ ಮುದ್ದೆ) ಎತ್ಲಿಂದ ಬಂತು ಅಂತ ಹುಡುಕೋರಿಗೆ ಇದು ಬಂಗಾರ. ಎಣ್ಣೆ ಆವಿಯಾಗೋದು, ನೀರು ಸೇರಿ ಗಟ್ಟಿಯಾಗೋದು, ಈ ಲೆಕ್ಕಕ್ಕೆ ಇದೂ ನೋವಾದವರ ಲೈಬ್ರರಿನೇ ಬಳಸೋದು, ಅಲ್ಲಿ ಜಾಸ್ತಿ ವ್ಯತ್ಯಾಸ ಹುಡುಕ್ಬೇಡಿ.