ಪೆಟ್ಟು, ಗಾಯ, ಉಳುಕು, ಮುರಿತ: ಯಾವಾಗ ಯಾವ ಪದ?

ಡಾಕ್ಟರ ಮುಂದೆ ‘ಪೆಟ್ಟಾಗಿದೆ’ ಎಂದಷ್ಟೇ ಹೇಳಿದರೆ ಅರ್ಧ ಮಾತು ಹೇಳಿದಂತೆ. ಪೆಟ್ಟು ಎಂದರೆ ಬಿದ್ದ ಹೊಡೆತ. ಅದರಿಂದ ಚರ್ಮ ಒಡೆದರೆ ಗಾಯ. ಒಡೆಯದೆ ಒಳಗೇ ರಕ್ತ ಕಟ್ಟಿ ನೀಲಿಯಾದರೆ ಒಳಪೆಟ್ಟು.

ಮೊಣಕೈ ರಸ್ತೆಗೆ ಉಜ್ಜಿ ಮೇಲಿನ ಪದರವಷ್ಟೇ ಕಿತ್ತು ಹೋದರೆ ಅದು ತರಚು ಗಾಯ. ಈಳಿಗೆ ತಾಗಿದರೆ ಕುಯ್ದ ಗಾಯ: ಅಂಚು ನೇರ, ಆಳವಿದ್ದರೆ ಹೊಲಿಗೆ ಬೇಕು. ಮೊಳೆ ಚುಚ್ಚಿದ್ದನ್ನು ಮಾತ್ರ ದಯವಿಟ್ಟು ‘ಸಣ್ಣ ಗಾಯ’ ಎನ್ನಬೇಡಿ. ಬಾಯಿ ಚಿಕ್ಕದಾದರೂ ಆಳ ಹೆಚ್ಚು, ಒಳಗಿನ ಕೊಳೆ ತೊಳೆದರೂ ಹೋಗದು. ಧನುರ್ವಾಯುವಿನ ಅಪಾಯ ಇಲ್ಲೇ ಹೆಚ್ಚು. ‘ಚುಚ್ಚಿದೆ’ ಎಂದೇ ಹೇಳಿ. ಹುಣ್ಣು ಬೇರೆ, ಪೆಟ್ಟೇ ಇಲ್ಲದೆಯೂ ಆಗುತ್ತದೆ.

ಹೆಚ್ಚು ಗೊಂದಲ ಇರುವುದು ಉಳುಕು–ಮುರಿತದಲ್ಲಿ. ಪಾದ ಒಳಕ್ಕೆ ಹೊರಳಿ ಮೂಳೆಗಳನ್ನು ಬಿಗಿದಿಡುವ ಅಸ್ಥಿರಜ್ಜು ಎಳೆದರೆ ಅಥವಾ ಹರಿದರೆ ಉಳುಕು. ಕೀಲಿನ ಮೂಳೆ ತನ್ನ ಜಾಗದಿಂದಲೇ ಸರಿದರೆ ಕೀಲು ತಪ್ಪಿದ್ದು. ಮುರಿತದಲ್ಲಿ ಮೂಳೆಯೇ ಸೀಳುತ್ತದೆ. ‘ಬೆರಳು ಆಡುತ್ತದೆ, ಹಾಗಾಗಿ ಮುರಿದಿಲ್ಲ’ ಎಂಬ ನಂಬಿಕೆ ತಪ್ಪು, ಮುರಿದರೂ ಆಡಬಹುದು. ಪಾದ ಹೊರಳಿದಾಗ ಕಾಲಿನ ಗಿಣ್ಣಿನ ಮೂಳೆಯನ್ನೇ ಒತ್ತಿದರೆ ನೋವು ಅಥವಾ ನಾಲ್ಕು ಹೆಜ್ಜೆಯೂ ಇಡಲಾಗದ ಸ್ಥಿತಿ ಇದ್ದರೆ ಎಕ್ಸ್‌ರೇ ಬೇಕು. ನೀವಬೇಡಿ, ಎಳೆಯಬೇಡಿ.

ಪೊಲೀಸ್ ದೂರಿನಲ್ಲೂ ಪದಕ್ಕೆ ತೂಕವಿದೆ. ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಂ ಪ್ರಕಾರ ಮೂಳೆ ಅಥವಾ ಹಲ್ಲು ಮುರಿದರೆ, ಸ್ಥಾನ ತಪ್ಪಿದರೆ ಅದು ತೀವ್ರ ಗಾಯ. ಬರೀ ತರಚು ಅಲ್ಲಿ ಸೇರದು.