ಎರಡು ಮಳೆಗಾಲ ಕಂಡ ಏರ್‌ಬ್ರಷ್

ಹೋದ ವರ್ಷ ಜುಲೈಯ ಒಂದು ಸಂಜೆ ನನ್ನ ಏರ್‌ಬ್ರಷ್, ಅಂದರೆ ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನ, ಕಿರೀಟ ವೇಷದ ಕೆನ್ನೆಗೆ ಮೂರು ಹನಿ ನೀರು ಉಗುಳಿತು. ಒಂದು ಗೇಣಿನ ಯಕ್ಷಗಾನದ ಗೊಂಬೆ, ಮಾವನ ಮನೆಯ ಶೋಕೇಸಿನಲ್ಲಿ ವರ್ಷಗಟ್ಟಲೆ ಬಿಸಿಲು ತಿಂದು ಬಣ್ಣ ಕಳಕೊಂಡದ್ದು. "ಹೇಗೂ ಮಷಿನ್ ತಗೊಂಡಿದ್ದೀರಲ್ಲ, ಇದಕ್ಕೂ ಸ್ವಲ್ಪ ಹೊಡೆಯಿರಿ" ಅಂತ ಕೊಟ್ಟಿದ್ದರು. ಪ್ರೈಮರ್ ಹೊಡೆದು, ವಾರವಿಡೀ ಕೂತು, ಕೆನ್ನೆಯ ಕೆಂಪು ಮುಖದ ನಸುಗೆಂಪಿನಲ್ಲಿ ಎಲ್ಲಿ ಕರಗಿತು ಅಂತ ಗೊತ್ತಾಗದ ಹಾಗೆ ತಂದಿದ್ದೆ. ಆಗ ಈ ಮೂರು ಹನಿ. ಒರೆಸಲು ಹೋಗಿ ಅದನ್ನು ಇನ್ನಷ್ಟು ಕೆಡಿಸಿದೆ.

ಸೆಟ್ ತಗೊಂಡು ಎರಡು ವರ್ಷವಾಯಿತು. ಗಾಳಿ ಒತ್ತಿ ತುಂಬುವ ಮೂರು ಲೀಟರ್ ಟ್ಯಾಂಕಿನ ಸಣ್ಣ ಕಂಪ್ರೆಸರ್, 0.3 ಮಿ.ಮೀ. ನಾಝಲಿನ (ಬಣ್ಣ ಹೊರಬರುವ ಮೂತಿ) ಡ್ಯುಯಲ್ ಆ್ಯಕ್ಷನ್ ಬ್ರಷ್, ಅಂದರೆ ಗಾಳಿ, ಬಣ್ಣ ಎರಡೂ ಒಂದೇ ಟ್ರಿಗರಿನಲ್ಲಿ, ಎಲ್ಲ ಸೇರಿ 11 ಸಾವಿರ ಚಿಲ್ಲರೆ. ಜೊತೆಗೆ ಬಂದ 0.2, 0.5ರ ನಾಝಲ್‌ಗಳು ಇವತ್ತಿಗೂ ಡಬ್ಬಿಯಲ್ಲೇ ಇವೆ. ಮಂಗಳೂರಿನಂಥ ಊರಿನಲ್ಲಿ ಇದನ್ನು ಇಟ್ಟುಕೊಳ್ಳುವವರಿಗೆ ನಾಝಲಿಗಿಂತ ನೀರಿನ ಚಿಂತೆಯೇ ದೊಡ್ಡದು.

ಮಳೆಗಾಲದ ನಮ್ಮ ಗಾಳಿಯನ್ನು ಹಿಂಡಿದರೆ ನೀರು ಬರುತ್ತದೆ ಅನ್ನುವುದು ಇಲ್ಲಿ ಬರೀ ಮಾತಿಗೆ ಹೇಳುವುದಲ್ಲ. ಕಂಪ್ರೆಸರ್ ಮಾಡುವುದೇ ಆ ಕೆಲಸ. ಒತ್ತಿದ ಗಾಳಿ ಮೊದಲು ಬಿಸಿಯಾಗುತ್ತದೆ, ಆಮೇಲೆ ತಣ್ಣಗಾಗುವಾಗ ಅದರಲ್ಲಿದ್ದ ಆವಿ ನೀರಾಗಿ ಇಳಿಯುತ್ತದೆ. ಈ ನೀರನ್ನು ಹಿಡಿಯಲೆಂದು ಇರುವ ಗಾಜಿನ ಬಟ್ಟಲಿನ ಮಾಯಿಶ್ಚರ್ ಟ್ರ್ಯಾಪ್ ಕಂಪ್ರೆಸರಿನ ತಲೆಯ ಮೇಲೇ ಕೂತಿದೆ. ಅಲ್ಲಿ ಗಾಳಿ ಇನ್ನೂ ಬೆಚ್ಚಗಿರುವುದರಿಂದ ಸುಮಾರು ಆವಿ ಅದನ್ನು ದಾಟಿ ಹೋಗಿ, ಪೈಪಿನೊಳಗೆ ನೀರಾಗಿ, ನೇರ ಗೊಂಬೆಯ ಮುಖಕ್ಕೆ ಬರುತ್ತದೆ. ಇನ್ನೊಂದು ವಿಷಯ ಅದಕ್ಕಿಂತ ಬೇಸರದ್ದು. ಟ್ಯಾಂಕಿನ ಹೊಟ್ಟೆಯ ಕೆಳಗೆ ನಿಂತ ನೀರು ಬಿಡಲು ಒಂದು ಡ್ರೈನ್ ಸ್ಕ್ರೂ ಇದೆ ಅಂತ ಮಾರಿದವರೂ ಹೇಳಲಿಲ್ಲ, ಜೊತೆಗಿದ್ದ ಎರಡು ಹಾಳೆಯ ಕೈಪಿಡಿಯಲ್ಲೂ ಇರಲಿಲ್ಲ. ಹತ್ತು ತಿಂಗಳ ನಂತರ ಅದನ್ನು ತಿರುಗಿಸಿದಾಗ ಚಹಾದ ಬಣ್ಣದ ತುಕ್ಕು ನೀರು ಕಾಲ ಮೇಲೆ ಹಾರಿತು. ಆ ರಾತ್ರಿಯೇ ಒಂದು ನಕ್ಷತ್ರದ ವಿಮರ್ಶೆ ಬರೆದಿಟ್ಟಿದ್ದೆ, ಕಳಿಸಲಿಲ್ಲ ಅಷ್ಟೆ.

ಪರಿಹಾರಕ್ಕೆ ಖರ್ಚಾದದ್ದು ಕಡಿಮೆ. ಬ್ರಷ್ಷಿನ ಬುಡಕ್ಕೇ ಸಿಕ್ಕಿಸುವ ಬೆರಳಿನಷ್ಟು ಉದ್ದದ ಇನ್ನೊಂದು ಟ್ರ್ಯಾಪ್ ತಂದೆ. ಪೈಪನ್ನು ಮೇಜಿನಿಂದ ನೆಲಕ್ಕೆ ಇಳಿಬಿಟ್ಟು ಮತ್ತೆ ಮೇಲೆ ತಂದೆ, ನೀರು ತಗ್ಗಿನಲ್ಲೇ ನಿಲ್ಲಲಿ ಅಂತ. ದಿನದ ಕೆಲಸ ಮುಗಿದ ಮೇಲೆ ಡ್ರೈನ್ ಬಿಡುತ್ತೇನೆ. ಆ 'ಬುಸ್' ಸದ್ದು ಕೇಳಿದರೆ ಹೆಂಡತಿ ಊಟಕ್ಕೆ ತಟ್ಟೆ ಇಡುತ್ತಾಳೆ. ಈ ವರ್ಷದ ಮಳೆಗಾಲದಲ್ಲಿ ಒಂದು ಹನಿಯೂ ಉಗುಳಲಿಲ್ಲ.

ಇನ್ನು ಬಣ್ಣ. ಹಾಲಿನಷ್ಟು ತೆಳು ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ಯಾವ ಹಾಲು ಅಂತ ಯಾರೂ ಹೇಳುವುದಿಲ್ಲ. ನನ್ನ ಲೆಕ್ಕದಲ್ಲಿ ನಂದಿನಿಯ ನೀಲಿ ಪ್ಯಾಕೆಟ್, ಅದೂ ಚಹಾಕ್ಕೆ ಅಂತ ಸ್ವಲ್ಪ ನೀರು ಬೆರೆಸಿದ್ದು. ಬ್ರಷ್ಷಿನ ಮೇಲಿರುವ ಬಣ್ಣದ ಕಪ್ಪಿನ ಗೋಡೆಗೆ ಒಂದು ಹನಿ ಹಚ್ಚಿದರೆ ಜಾರಿ ಇಳಿಯಬೇಕು, ಹಿಂದೆ ತೆಳು ಪೊರೆ ಉಳಿಯಬೇಕು. ತೀರಾ ತೆಳುವಾದರೆ ಜೇಡನ ಕಾಲಿನ ಹಾಗೆ ಹರಡುತ್ತದೆ, ದಪ್ಪವಾದರೆ ಬ್ರಷ್ಷಿನೊಳಗಿನ ಸೂಜಿಯ ತುದಿಯಲ್ಲೇ ಒಣಗಿ ಕೂರುತ್ತದೆ. ಗಾಳಿಯ ಒತ್ತಡ 20 ಪಿಎಸ್‌ಐ ಆಸುಪಾಸು ನನಗೆ ಸರಿಹೋಗಿದೆ. ಟ್ರಿಗರ್ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಬಿಡುವಾಗ ಮೊದಲು ಬಣ್ಣ ನಿಲ್ಲಿಸಿ ಆಮೇಲೆ ಗಾಳಿ. ಇಷ್ಟು ಬೆರಳಿಗೆ ಬರುವ ತನಕ ಮೊದಲ ತಿಂಗಳು ಗೊಂಬೆ ಮುಟ್ಟಲಿಲ್ಲ, ಐಸ್‌ಕ್ರೀಮಿನ ಪ್ಲಾಸ್ಟಿಕ್ ಚಮಚಗಳಿಗೇ ಹೊಡೆದೆ. ನೀರಿನ ಬಣ್ಣವಲ್ಲವಾ ಅಂತ ಮಾಸ್ಕ್ ಹಾಕದೆ ಕೂತ ದಿನ ಮೂಗು ಸೀನಿದರೆ ನೀಲಿ ಬಂತು. ಅವತ್ತಿನಿಂದ ಹಾಕುತ್ತೇನೆ.

ತೊಳೆಯುವ ಕೆಲಸ ಮಾತ್ರ ನನಗೆ ಇಷ್ಟವಾಗಿಬಿಟ್ಟಿದೆ, ಯಾಕೆ ಅಂತ ಹೇಳಲು ಬರುವುದಿಲ್ಲ. ಹತ್ತು ನಿಮಿಷ ಬಣ್ಣ ಹೊಡೆದರೆ ಹದಿನೈದು ನಿಮಿಷ ತೊಳೆಯಬೇಕು. ಬಣ್ಣದ ಕಪ್ಪಿಗೆ ನೀರು ಹಾಕಿ, ತುದಿಯನ್ನು ಟಿಶ್ಯೂ ಒತ್ತಿ ಮುಚ್ಚಿ ಗಾಳಿ ಬಿಟ್ಟರೆ ಒಳಗೆ ಗುಳುಗುಳು ಅಂತ ಗುಳ್ಳೆ ಏಳುತ್ತದೆ, ಎಲ್ಲೋ ಅಡಗಿದ್ದ ಕೆಂಪು ಮೇಲೆ ಬರುತ್ತದೆ. ಹಿಂದಿನ ನಟ್ ಸಡಿಲಿಸಿ ಸೂಜಿಯನ್ನು ನಿಧಾನ ಎಳೆದು, ಬುಡದಿಂದ ತುದಿಯ ಕಡೆಗೆ ಒರೆಸಿ, ತುದಿಯನ್ನು ಉಗುರಿನ ಮೇಲೆ ಹಗುರಾಗಿ ಎಳೆದು ನೋಡುತ್ತೇನೆ. ಕೊಕ್ಕೆಯಾಗಿದ್ದರೆ ಉಗುರಿಗೆ ತಾಗುತ್ತದೆ, ಅಂಥ ಸೂಜಿ ಬಣ್ಣವನ್ನು ಒಂದು ಪಕ್ಕಕ್ಕೇ ಎಸೆಯುತ್ತದೆ. ಹೀಗೆ ಒಂದು ಸೂಜಿ ಹಾಳು ಮಾಡಿದ್ದೇನೆ. ನಾಝಲ್ ಅಂತೂ ಅಕ್ಕಿಕಾಳಿನಷ್ಟು ಇದೆ, ಒಂದು ಸಿಂಕಿನ ಪಾಲಾಯಿತು. ಈಗ ಸಿಂಕಿನ ತೂತಿನ ಮೇಲೆ ಚಹಾ ಸೋಸುವ ಜಾಲರಿ ಇಟ್ಟುಕೊಂಡೇ ತೊಳೆಯುವುದು.

ವರ್ಷಕ್ಕೆ ಎರಡು ಗೊಂಬೆಗೆ ಬಣ್ಣ ಹಚ್ಚುವವರು ಇದನ್ನು ತಗೊಳ್ಳಬೇಡಿ, ಒಳ್ಳೆಯ ಎರಡು ಮಾಮೂಲಿ ಬ್ರಷ್ ಸಾಕು. ವಾರಕ್ಕೊಮ್ಮೆ ಕೂರುವವರಾದರೆ ಟ್ಯಾಂಕ್ ಇರುವ ಕಂಪ್ರೆಸರನ್ನೇ ತಗೊಳ್ಳಿ. ಟ್ಯಾಂಕ್ ಇಲ್ಲದ್ದರಲ್ಲಿ ಗಾಳಿ ಮಿಡಿಯುತ್ತಾ ಬರುತ್ತದೆ, ಮೋಟಾರಿಗೂ ಬಿಡುವಿಲ್ಲ. ದುಡ್ಡು ಉಳಿಸುವುದಿದ್ದರೆ ಏರ್‌ಬ್ರಷ್ಷಿನಲ್ಲಿ ಉಳಿಸಿ. ನನ್ನದು ಅಗ್ಗದ್ದು, ಎರಡು ವರ್ಷ ಬಂದಿದೆ.

ಗೊಂಬೆಯ ಕೆನ್ನೆಗೆ ಮತ್ತೆ ಬಣ್ಣ ಹೊಡೆದೆ. ಆದರೂ ಆ ಮೂರು ಕಲೆ ಬಿಳಿಚಿಕೊಂಡು ಉಬ್ಬಿದ ಹಾಗೆ ಉಳಿದವು. ಮಾವ ಕನ್ನಡಕ ಮೇಲೆ ಮಾಡಿ ನೋಡಿದರು. "ಇದೆಂಥ ಮಾರಾಯ್ರೇ, ಕಿರೀಟ ವೇಷಕ್ಕೆ ಚುಟ್ಟಿ ಇಟ್ಟಿದ್ದೀರಿ?" ಅಂದರು. ಚುಟ್ಟಿ ಅಂದರೆ ರಾಕ್ಷಸ ವೇಷದ ಮುಖಕ್ಕೆ ಇಡುವ ಬಿಳಿ ಉಬ್ಬು ಚುಕ್ಕೆ. ಈಗ ಗೊಂಬೆ ಅವರ ಶೋಕೇಸಿನಲ್ಲೇ ಇದೆ, ಆ ಕೆನ್ನೆ ಗೋಡೆಯ ಕಡೆಗೆ.